ಕೈಹಿಡಿದು ಕೊಟ್ಟವನು ರಾಯ: ಧರ್ಮಸಂವಾದದೊಳಗಿನ ರಾಜಕಾರಣ

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ನಿವೃತ್ತ ಶಿಕ್ಷಕರು ಮತ್ತು ವ್ಯಾಪಾರಸ್ಥರು ಸೇರಿ ಕೆಲವು ವರ್ಷಗಳಿಂದ ಸರ್ವಧರ್ಮ ಸಂವಾದ ಸಭೆ ನಡೆಸುತ್ತಿದ್ದೇವೆ. ಕಳೆದ ಸಲ ಶಾಸಕರು ವೇದಿಕೆ ಹತ್ತಿದರೆಂದು ಒಂದು ಗುಂಪು ಎದ್ದುಹೋಯಿತು. ‘ಇನ್ನು ಮುಂದೆ ರಾಜಕೀಯವನ್ನು ಹೊರಗಿಟ್ಟು ಆಧ್ಯಾತ್ಮಿಕ ವಿಷಯ ಮಾತ್ರ ಮಾತಾಡೋಣ’ ಎಂದು ಹಿರಿಯರು ಹೇಳುತ್ತಿದ್ದಾರೆ. ಅದು ಸಾಧ್ಯವೇ? ಇಂಥ ಸಂವಾದಕ್ಕೂ ರಾಜಕೀಯಕ್ಕೂ ನಿಜವಾದ ಸಂಬಂಧ ಏನು?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಂಡರೆ ಮೊದಲನೆಯದು ಸುಲಭವಾಗುತ್ತದೆ. ಧರ್ಮ ಸಮುದಾಯಗಳ ನಡುವಿನ ಸಂವಾದ ಹುಟ್ಟಿನಿಂದಲೇ ರಾಜಕೀಯ ಕೆಲಸ. ರಾಜಕೀಯ ಎಂದರೆ ನಾನಿಲ್ಲಿ ಪಕ್ಷ, ಚುನಾವಣೆ, ಟಿಕೆಟ್ಟುಗಳನ್ನು ಹೇಳುತ್ತಿಲ್ಲ. ಊರಿನ ಬೀದಿ, ಕೆರೆಯ ದಂಡೆ, ಸ್ಮಶಾನದ ಜಾಗ, ಮೈಕಿನ ಸದ್ದು, ಮೆರವಣಿಗೆಯ ಸಮಯ ಇವುಗಳ ಮೇಲೆ ಯಾರಿಗೆ ಎಷ್ಟು ಹಕ್ಕು, ಅದನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಯನ್ನು ಹೇಳುತ್ತಿದ್ದೇನೆ. ಇಬ್ಬರು ಗೆಳೆಯರು ಜಗಲಿಯ ಮೇಲೆ ಕೂತು ಮೋಕ್ಷದ ವಿಚಾರ ಮಾತಾಡಿಕೊಂಡರೆ ಅದು ಜಿಜ್ಞಾಸೆ. ಅದೇ ಇಬ್ಬರ ಹೆಸರು ಒಂದೊಂದು ಸಮುದಾಯದ ಪ್ರತಿನಿಧಿಯೆಂದು ಕರಪತ್ರದಲ್ಲಿ ಅಚ್ಚಾಗಿ, ಅವರು ಮೈಕಿನ ಮುಂದೆ ಬಂದು ಕೂತರೆ, ಮಾತು ಮೋಕ್ಷದ್ದೇ ಆಗಿದ್ದರೂ, ‘ಇವರನ್ನು ನಮ್ಮ ಪರವಾಗಿ ಆರಿಸಿದವರು ಯಾರು’ ಎಂಬ ಪ್ರಶ್ನೆ ಸಭೆಯೊಳಗೆ ಬಂದು ಕೂತಿರುತ್ತದೆ. ರಾಜಕೀಯ ನಿಮ್ಮ ಸಭೆಗೆ ಬಂದದ್ದು ಶಾಸಕರ ಕಾರಿನಲ್ಲಿ ಅಲ್ಲ. ನೀವು ಆಹ್ವಾನಿತರ ಪಟ್ಟಿ ಬರೆದ ದಿನವೇ ಅದು ಬಂದಾಗಿತ್ತು.

ನಿಮ್ಮ ಜಿಲ್ಲೆಯಲ್ಲೇ ಇದಕ್ಕೆ ಕಲ್ಲಿನ ಸಾಕ್ಷಿ ಇದೆ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ, ಶಕ 1290ರ, ಅಂದರೆ ಕ್ರಿ.ಶ. 1368ರ, ವಿಜಯನಗರದ ಅರಸ ಬುಕ್ಕರಾಯನ ಶಾಸನವನ್ನು ಸೌಹಾರ್ದದ ಭಾಷಣಗಳಲ್ಲಿ ನೀವು ಎಷ್ಟೋ ಸಲ ಕೇಳಿರುತ್ತೀರಿ. ‘ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ’ ಎಂಬ ಒಂದು ಸಾಲನ್ನು ಹೇಳಿ ಭಾಷಣಕಾರರು ಮುಂದಕ್ಕೆ ಹೋಗಿಬಿಡುತ್ತಾರೆ. ಆ ಸಾಲಿನ ಹಿಂದೆ ಮುಂದೆ ಇರುವುದನ್ನು ನಿಧಾನವಾಗಿ ಓದಿದರೆ, ಸಂವಾದದ ರಾಜಕಾರಣ ಕುರಿತು ನಾನು ಹೇಳಬೇಕಾದ ಬಹುಪಾಲು ಅದರಲ್ಲೇ ಸಿಗುತ್ತದೆ.

ನಡೆದದ್ದು ಇಷ್ಟು. ಜೈನರಿಗೂ ಭಕ್ತರಿಗೂ, ಎಂದರೆ ಶ್ರೀವೈಷ್ಣವರಿಗೂ, ಜಗಳವಾಯಿತು. ಜಗಳಕ್ಕೆ ಶಾಸನ ಬಳಸುವ ಪದ ‘ಸಂವಾಜ’. ನಮ್ಮ ‘ಸಂವಾದ’ದ ಪಕ್ಕದಲ್ಲೇ ಆ ಪದ ಕೂತಿರುವುದನ್ನು ನೋಡಿದಾಗಲೆಲ್ಲ ನನಗೆ ಸಣ್ಣ ನಗು ಬರುತ್ತದೆ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಪಟ್ಟಣಗಳೂ ಸೇರಿದಂತೆ ಎಲ್ಲ ನಾಡುಗಳ ಜೈನರು ಒಟ್ಟಾಗಿ, ಭಕ್ತರು ಮಾಡುತ್ತಿರುವ ಅನ್ಯಾಯಗಳನ್ನು ಬುಕ್ಕರಾಯನಿಗೆ ಬಿನ್ನಹ ಮಾಡಿಕೊಂಡರು. ರಾಯನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳೇ ಮೊದಲಾದ ಸ್ಥಳಗಳ ಆಚಾರ್ಯರನ್ನೂ ಹದಿನೆಂಟು ನಾಡುಗಳ ಶ್ರೀವೈಷ್ಣವರನ್ನೂ ಮುಂದಿಟ್ಟುಕೊಂಡು, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಕೊಟ್ಟನು. ಆ ಮೇಲೆ ತೀರ್ಪು: ಜೈನ ದರ್ಶನಕ್ಕೆ ಹಿಂದಿನ ಮರ್ಯಾದೆಯಂತೆ ಪಂಚಮಹಾವಾದ್ಯಗಳೂ ಕಳಶವೂ ಸಲ್ಲತಕ್ಕದ್ದು; ಭಕ್ತರ ದೆಸೆಯಿಂದ ಜೈನ ದರ್ಶನಕ್ಕೆ ಆಗುವ ಹಾನಿವೃದ್ಧಿಯನ್ನು ವೈಷ್ಣವರು ತಮ್ಮದೇ ಹಾನಿವೃದ್ಧಿಯೆಂದು ಭಾವಿಸಿ ಕಾಪಾಡತಕ್ಕದ್ದು; ಈ ಮಾತಿನ ಶಾಸನವನ್ನು ರಾಜ್ಯದ ಎಲ್ಲ ಬಸದಿಗಳಲ್ಲೂ ಶ್ರೀವೈಷ್ಣವರೇ ನೆಡಿಸತಕ್ಕದ್ದು.

ಜಗಳದ ವಸ್ತು ಏನಾಗಿತ್ತು ಎಂಬುದನ್ನು ಗಮನಿಸಿ. ಜೈನರ ಅನೇಕಾಂತವಾದ ಸರಿಯೋ ಶ್ರೀವೈಷ್ಣವರ ವಿಶಿಷ್ಟಾದ್ವೈತ ಸರಿಯೋ ಎಂಬುದನ್ನು ರಾಯನು ವಿಚಾರಿಸಲಿಲ್ಲ. ಇಬ್ಬರಲ್ಲಿ ಯಾರೂ ಅದನ್ನು ಕೇಳಿದ ಸೂಚನೆಯೂ ಶಾಸನದಲ್ಲಿಲ್ಲ. ಪ್ರಶ್ನೆ ಇದ್ದದ್ದು ವಾದ್ಯ ಮತ್ತು ಕಳಶದ್ದು. ಬೀದಿಯಲ್ಲಿ ವಾದ್ಯ ನುಡಿಸಿಕೊಂಡು, ಕಳಶ ಹೊತ್ತು ಹೋಗುವುದೆಂದರೆ ‘ನಾವೂ ಈ ಊರಿನವರು, ಈ ಬೀದಿ ನಮ್ಮದೂ ಹೌದು’ ಎಂದು ಎಲ್ಲರ ಎದುರು ಹೇಳುವುದು. ಆರೂವರೆ ಶತಮಾನ ಕಳೆದಿದೆ. ಯಾವ ತಾಲ್ಲೂಕಿನ ಶಾಂತಿ ಸಮಿತಿಯ ಸಭೆಗೆ ಹೋದರೂ ವಿಷಯಪಟ್ಟಿಯಲ್ಲಿ ಇವತ್ತಿಗೂ ಇರುವುದು ಅದೇ ವಾದ್ಯ, ಅದೇ ಬೀದಿ. ತಮಟೆಯ ಜಾಗಕ್ಕೆ ಡಿಜೆ ಬಂದಿದೆ, ಅಷ್ಟೆ. ಹೀಗಿರುವಾಗ ‘ಆಧ್ಯಾತ್ಮಿಕ ವಿಷಯ ಮಾತ್ರ’ ಎಂದು ನಿಮ್ಮ ಹಿರಿಯರು ಗೆರೆ ಎಳೆದರೆ, ಜನ ನಿಜವಾಗಿ ಜಗಳವಾಡುವ ವಿಷಯ ಆ ಗೆರೆಯ ಹೊರಗೆ ಉಳಿದು, ಜಗಳವೇ ಇಲ್ಲದ ವಿಷಯದ ಮೇಲೆ ಮಾತ್ರ ಸೌಹಾರ್ದ ಏರ್ಪಡುತ್ತದೆ.

ಇನ್ನು ಸಭೆಯಲ್ಲಿ ಯಾರಿದ್ದರು ಎಂಬುದು. ಶ್ರೀವೈಷ್ಣವರ ಪಟ್ಟಿಯಲ್ಲಿ ದೊಡ್ಡ ಕ್ಷೇತ್ರಗಳ ಆಚಾರ್ಯರ ಜೊತೆಗೆ ದೇವಾಲಯದ ಸೇವಕವರ್ಗದವರಿದ್ದಾರೆ, ತಿರಿಕುಲ ಮತ್ತು ಜಾಂಬವಕುಲದವರನ್ನೂ ಹೆಸರಿಸಿ ಸೇರಿಸಲಾಗಿದೆ. ಕೊನೆಯ ಎರಡು ಹೆಸರುಗಳು ಅಸ್ಪೃಶ್ಯರೆಂದು ದೂರ ಇಡಲಾಗಿದ್ದ ಸಮುದಾಯಗಳವು. ಬುಕ್ಕರಾಯನಿಗೆ ಸಮಾನತೆಯ ಬಗ್ಗೆ ನಮ್ಮಂಥದೇ ಕಲ್ಪನೆ ಇತ್ತೆಂದು ನಾನು ಹೇಳುವುದಿಲ್ಲ. ಆದರೆ ಒಪ್ಪಂದ ಬೀದಿಯಲ್ಲಿ ನಿಲ್ಲಬೇಕಾದರೆ ಬೀದಿಗೆ ಇಳಿಯುವವರೆಲ್ಲ ಅದಕ್ಕೆ ಕಟ್ಟುಬಿದ್ದಿರಬೇಕು, ಬರೀ ಪೀಠದಲ್ಲಿ ಕೂತವರ ಮಾತು ಸಾಲದು ಎಂಬ ಆಡಳಿತದ ವಿವೇಕ ಅದರಲ್ಲಿದೆ. ನಮ್ಮ ಇಂದಿನ ಸಂವಾದ ಸಭೆಗಳಲ್ಲಿ ಒಬ್ಬ ಸ್ವಾಮೀಜಿ, ಒಬ್ಬ ಮೌಲವಿ, ಒಬ್ಬ ಫಾದರ್ ಕೂತರೆ ಮೂರು ಧರ್ಮಗಳೂ ಬಂದಂತಾಯಿತು ಎಂದುಕೊಳ್ಳುತ್ತೇವೆ. ಮೆರವಣಿಗೆಯ ಮುಂದೆ ಕುಣಿಯುವ ಹುಡುಗ ಆ ಸ್ವಾಮೀಜಿಯ ಮಾತು ಕೇಳುತ್ತಾನೆಯೇ, ಮಸೀದಿಯ ಪಕ್ಕದ ಅಂಗಡಿಯವನು ಆ ಮೌಲವಿಯನ್ನು ತನ್ನ ಮುಖಂಡನೆಂದು ಒಪ್ಪುತ್ತಾನೆಯೇ ಎಂದು ನಾವು ಕೇಳುವುದಿಲ್ಲ. ಹೆಂಗಸರಂತೂ ವೇದಿಕೆಯ ಮೇಲೆ ಪ್ರಾರ್ಥನೆ ಹಾಡಲು ಮಾತ್ರ ಕಾಣಿಸಿಕೊಳ್ಳುತ್ತಾರೆ. ಸಂವಾದಕ್ಕೆ ಕರೆಯುವುದೆಂದರೆ ಒಬ್ಬರನ್ನು ಮುಖಂಡರನ್ನಾಗಿ ಮಾಡುವುದೂ ಹೌದು. ಕರೆಯದೆ ಬಿಟ್ಟವರ ಬಾಯಿ ಕಟ್ಟುವುದೂ ಹೌದು. ಎಷ್ಟೋ ಊರುಗಳಲ್ಲಿ ಸಮುದಾಯದೊಳಗಿನ ಅತ್ಯಂತ ಬಿಗಿ ನಿಲುವಿನವರೇ ‘ನಿಜವಾದ ಪ್ರತಿನಿಧಿ’ಗಳಾಗಿ ನೆಲೆಯೂರಲು ಇಂಥ ಸಭೆಗಳೇ ಕಾರಣವಾಗಿರುವುದನ್ನು ನಾನು ಕಂಡಿದ್ದೇನೆ.

ಶಾಸನದ ಕಹಿ ಭಾಗವನ್ನೂ ಮುಚ್ಚಿಡಬಾರದು. ಜೈನರ ರಕ್ಷಣೆಗೆಂದು ಬರೆದ ಈ ಒಪ್ಪಂದ ಶುರುವಾಗುವುದು ರಾಮಾನುಜರ ಸ್ತುತಿಯಿಂದ, ಅದೂ ಅವರನ್ನು ಪಾಷಂಡರೆಂಬ ಸಾಗರಕ್ಕೆ ಬಡಬಾಗ್ನಿ, ಎಂದರೆ ಕಡಲನ್ನೇ ಸುಡುವ ಬೆಂಕಿ, ಎಂದು ಕೊಂಡಾಡುವ ಶ್ಲೋಕದಿಂದ. ಶ್ರೀವೈಷ್ಣವರ ದೃಷ್ಟಿಯಲ್ಲಿ ವೇದವನ್ನು ಒಪ್ಪದ ಜೈನರು ಆ ‘ಪಾಷಂಡ’ರಲ್ಲಿ ಸೇರುತ್ತಿದ್ದರು. ಬಸದಿಯ ಅಂಗಳದಲ್ಲೇ ನಿಂತಿರುವ ಕಲ್ಲಿನ ಮೊದಲ ಸಾಲು ಅದು. ಮುಂದೆ ಹಣದ ವ್ಯವಸ್ಥೆ: ರಾಜ್ಯದ ಎಲ್ಲ ಜೈನರು ‘ಬಾಗಿಲುಗಟ್ಟಳೆ’ಯಾಗಿ ಮನೆಗೆ ವರ್ಷಕ್ಕೆ ಒಂದು ‘ಹಣ’ (ಆ ಕಾಲದ ನಾಣ್ಯ) ಕೊಡಬೇಕು, ತಿರುಮಲೆಯ ತಾತಯ್ಯ ಎಂಬ ಶ್ರೀವೈಷ್ಣವ ಆಚಾರ್ಯರು ಆ ಹಣದಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ಇಡಬೇಕು, ಮಿಕ್ಕದ್ದರಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಎಂದರೆ ಯಾರಿಂದ ಅನ್ಯಾಯವಾಯಿತೆಂದು ಜೈನರು ದೂರಿದರೋ ಅವರ ಆಚಾರ್ಯರೇ ಕಾವಲಿನ ಹೊಣೆಗಾರರು, ಕಾವಲಿನ ಖರ್ಚು ಜೈನರದು.

ಇದನ್ನು ಸಹಿಷ್ಣುತೆಯ ಮಹಾಸನದು ಎಂದು ಹಾಡಿ ಹೊಗಳುವವರಿದ್ದಾರೆ, ದುರ್ಬಲರನ್ನು ಬಲಿಷ್ಠರ ಮರ್ಜಿಗೆ ಒಪ್ಪಿಸಿದ ಪತ್ರ ಎನ್ನುವವರೂ ಇದ್ದಾರೆ. ನನ್ನ ದೃಷ್ಟಿಯಲ್ಲಿ ಎರಡೂ ಅವಸರದ ಮಾತು. ವಿಜಯನಗರ ಬಹಮನಿಗಳ ಜೊತೆ ಯುದ್ಧ ಮುಗಿಸಿ ಹೆಚ್ಚು ಕಾಲವಾಗಿರಲಿಲ್ಲ. ವ್ಯಾಪಾರದಲ್ಲಿ ಹಿಡಿತವಿದ್ದ ಜೈನ ಸೆಟ್ಟಿಗಳನ್ನೂ, ದೇವಾಲಯಗಳ ಮೂಲಕ ಬಲವಾಗಿ ಬೆಳೆಯುತ್ತಿದ್ದ ಶ್ರೀವೈಷ್ಣವರನ್ನೂ ರಾಯನು ಕಳೆದುಕೊಳ್ಳುವ ಹಾಗಿರಲಿಲ್ಲ. ಆದುದರಿಂದ ಜೈನರಿಗೆ ಹಕ್ಕನ್ನು ಕೊಟ್ಟು, ಶ್ರೀವೈಷ್ಣವರಿಗೆ ಹಿರಿತನವನ್ನು ಕೊಟ್ಟು, ತಪ್ಪಿದವನಿಗೆ ‘ರಾಜದ್ರೋಹಿ’ ಎಂಬ ಪಟ್ಟ ಕಟ್ಟಿ, ಮಧ್ಯಸ್ಥನ ಜಾಗದಲ್ಲಿ ತಾನು ನಿಂತನು. ರಾಯನಿಗೆ ಇದರಲ್ಲಿ ಲಾಭವಿತ್ತು ಎಂಬ ಕಾರಣಕ್ಕೆ ಒಪ್ಪಂದ ಸುಳ್ಳಾಗುವುದಿಲ್ಲ. ಬಲವಿಲ್ಲದವನ ಮಧ್ಯಸ್ಥಿಕೆಯನ್ನು ಶ್ರೀವೈಷ್ಣವರು ಕೇಳುತ್ತಲೂ ಇರಲಿಲ್ಲ. ಇದೇ ಒಪ್ಪಂದದ ಇನ್ನೊಂದು ಪ್ರತಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ, ಅಂದರೆ ಶಾಸನದ ಕಲ್ಲೆಹದಲ್ಲಿ, ಸಿಕ್ಕಿದೆ. ಮುಂದೊಮ್ಮೆ ಅದೇ ಊರಿನ ಬುಸುವಿಸೆಟ್ಟಿ ಎಂಬವನು ರಾಯನಿಗೆ ಬಿನ್ನಹ ಮಾಡಿ, ತಾತಯ್ಯನವರನ್ನು ಬರಮಾಡಿಕೊಂಡು ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದನೆಂದೂ, ಎರಡೂ ಮತದವರು ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರೆಂದೂ ಬೆಳಗೊಳದ ಕಲ್ಲಿನಲ್ಲೇ ಸೇರಿಸಿ ಬರೆಯಲಾಗಿದೆ. ಒಪ್ಪಂದವನ್ನು ಮತ್ತೆ ಮತ್ತೆ ಜ್ಞಾಪಿಸಬೇಕಾಗಿತ್ತು ಮತ್ತು ಹಾಗೆ ಜ್ಞಾಪಿಸಲು ಹಣವುಳ್ಳ, ಆಸಕ್ತಿಯುಳ್ಳ ಒಬ್ಬ ವ್ಯಾಪಾರಿ ಬೇಕಾಗಿದ್ದ ಎಂಬುದು ಇದರಿಂದ ತಿಳಿಯುತ್ತದೆ.

ಇದರ ಪಕ್ಕದಲ್ಲಿ ನಿಮ್ಮದೇ ಜಿಲ್ಲೆಯ ಹಳೇಬೀಡಿನ 1638ರ ಶಾಸನವನ್ನು ಇಟ್ಟು ನೋಡಿ. ಅಲ್ಲಿನ ವಿಜಯ ಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವ ಎಂಬ ವೀರಶೈವನು ಲಿಂಗಮುದ್ರೆ ಒತ್ತಿದ. ವಿಜಯಪ್ಪ ಎಂಬ ಜೈನನು ಅದನ್ನು ಅಳಿಸಿದ. ಜಗಳ ಬೆಳೆದು ಜೈನರು ಅಹವಾಲು ಹೇಳಿಕೊಂಡಾಗ ವೀರಶೈವ ಮುಖಂಡರು ಕೂಡಿ ತೀರ್ಮಾನ ಕೊಟ್ಟರು: ಮೊದಲು ವಿಭೂತಿ ವೀಳ್ಯವನ್ನು ಸಲ್ಲಿಸಿ, ಆ ಮೇಲೆ ಜೈನರು ತಮ್ಮ ಪೂಜಾವಿಧಿಗಳನ್ನು ಎಂದಿನಂತೆ ನಡೆಸಿಕೊಳ್ಳಬಹುದು; ಇದಕ್ಕೆ ಅಡ್ಡಿಮಾಡಿದವನು ಶಿವದ್ರೋಹಿ. ಶಾಪವಂತೂ ವೀರಶೈವರ ಮೇಲೆಯೇ ಬಿಗಿಯಾಗಿದೆ, ಅದನ್ನು ಮೆಚ್ಚಬೇಕು. ಆದರೆ ತನ್ನ ಬಸದಿಯೊಳಗೆ ತನ್ನ ತೀರ್ಥಂಕರನನ್ನು ಪೂಜಿಸಲು ಜೈನನು ಮೊದಲು ಇನ್ನೊಬ್ಬರ ಆಚಾರಕ್ಕೆ ತಲೆಬಾಗಬೇಕಾಯಿತು. ಬೆಳಗೊಳದಲ್ಲಿ ಎರಡೂ ಪಕ್ಷಗಳಿಗಿಂತ ಮೇಲೆ ಒಬ್ಬನು ನಿಂತಿದ್ದ. ಹಳೇಬೀಡಿನಲ್ಲಿ ಒಂದು ಪಕ್ಷವೇ ತೀರ್ಪುಗಾರನಾಯಿತು. ‘ಸರ್ಕಾರ ಬೇಡ, ರಾಜಕಾರಣಿ ಬೇಡ, ನಾವು ನಾವೇ ಕೂತು ಬಗೆಹರಿಸಿಕೊಳ್ಳೋಣ’ ಎಂಬ ಮಾತು ಕೇಳಲು ಹಿತವಾಗಿದ್ದರೂ, ಸಂಖ್ಯೆಯಲ್ಲೋ ಹಣದಲ್ಲೋ ಕಡಿಮೆ ಇರುವವರು ಅದನ್ನು ಕೇಳಿ ಯಾಕೆ ಅನುಮಾನಪಡುತ್ತಾರೆ ಎಂಬುದು ಈ ಎರಡು ಕಲ್ಲುಗಳ ನಡುವಿನ ಅಂತರದಿಂದ ಅರ್ಥವಾಗುತ್ತದೆ.

ಇದು ನಮ್ಮ ನಾಡಿನ ಹಳೆಯ ರಾಜರ ಕಾಲದ ವಿಷಯ, ಈಗಿನ ಸಂವಾದ ಬೇರೆ ಎನ್ನುವವರಿಗೆ ಒಂದು ಹೊರಗಿನ ಉದಾಹರಣೆ ಸಾಕು. ಕ್ಯಾಥೊಲಿಕ್ ಚರ್ಚು ಬೇರೆ ಧರ್ಮಗಳ ಜೊತೆಗಿನ ತನ್ನ ಸಂಬಂಧವನ್ನು ಹೊಸದಾಗಿ ನಿರೂಪಿಸಿದ ‘ನೋಸ್ತ್ರಾ ಏತಾತೆ’ ಘೋಷಣೆಯನ್ನು ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು 2221 ಮತಗಳ ಪರ, 88 ಮತಗಳ ವಿರೋಧದೊಡನೆ ಅಂಗೀಕರಿಸಿತು. ಹಿಂದೂ, ಬೌದ್ಧ, ಇಸ್ಲಾಂ ಧರ್ಮಗಳನ್ನು ಗೌರವದಿಂದ ಹೆಸರಿಸಿದ ದಾಖಲೆಯೆಂದು ಇಂದು ಅದನ್ನು ನೆನೆಯುತ್ತೇವೆ. ಆದರೆ ಅದು ಹುಟ್ಟಿದ್ದು ಯೆಹೂದಿಗಳನ್ನು ಕುರಿತ ಒಂದು ಕರಡಾಗಿ. ನಾಜಿಗಳ ಕೈಯಲ್ಲಿ ಹೆಂಡತಿ ಮತ್ತು ಮಗಳನ್ನು ಕಳೆದುಕೊಂಡಿದ್ದ ಫ್ರೆಂಚ್ ಇತಿಹಾಸಕಾರ ಜೂಲ್ ಇಸಾಕ್ 1960ರ ಜೂನ್‌ನಲ್ಲಿ ಪೋಪ್ 23ನೆಯ ಜಾನ್ ಅವರನ್ನು ಭೇಟಿಯಾಗಿ, ಯೆಹೂದಿಗಳ ವಿಷಯದಲ್ಲಿ ಚರ್ಚಿನ ಬೋಧನೆಯನ್ನು ತಿದ್ದುವಂತೆ ಕೇಳಿಕೊಂಡದ್ದು ಅದರ ಹಿನ್ನೆಲೆ. ಕರಡು ಸಿದ್ಧವಾದಾಗ, ಇದು ಇಸ್ರೇಲಿಗೆ ಮನ್ನಣೆ ಕೊಟ್ಟಂತಾಗುತ್ತದೆ ಎಂದು ಅರಬ್ ಸರ್ಕಾರಗಳು ಆಕ್ಷೇಪಿಸಿದವು. ಅರಬ್ ದೇಶಗಳಲ್ಲಿ ಅಲ್ಪಸಂಖ್ಯಾತರಾಗಿದ್ದ ಕ್ರೈಸ್ತರ ಬಿಷಪ್ಪರು ತಮ್ಮ ಜನ ಇದರ ಬೆಲೆ ತೆರಬೇಕಾದೀತೆಂದು ಹೆದರಿದರು. 1962ರಲ್ಲಿ ಕರಡನ್ನು ಕಾರ್ಯಸೂಚಿಯಿಂದಲೇ ತೆಗೆಯಲಾಯಿತು. ಮರಳಿ ಬಂದ ಮೇಲೆ ಹಲವು ಸಲ ಬದಲಾಗಿ, ಮುಸಲ್ಮಾನರನ್ನೂ ಬೇರೆ ಧರ್ಮದವರನ್ನೂ ಸೇರಿಸಿಕೊಂಡು ಅದು ವಿಸ್ತಾರವಾಯಿತು. ಹಿಂದೂ ಧರ್ಮವನ್ನು ಕುರಿತು ಚರ್ಚು ಆಡಿದ ಆ ಒಳ್ಳೆಯ ಮಾತುಗಳಿಗೆ ದಾರಿಮಾಡಿದ್ದರಲ್ಲಿ ಪಶ್ಚಿಮ ಏಷ್ಯಾದ ರಾಜಕಾರಣಕ್ಕೂ ಪಾಲಿದೆ ಎಂದರೆ ತಪ್ಪಾಗದು. ಯೆಹೂದಿ ದ್ವೇಷವನ್ನು ಖಂಡಿಸುವ ಜಾಗದಲ್ಲಿ, ತಾನು ಇದನ್ನು ರಾಜಕೀಯ ಕಾರಣಗಳಿಂದ ಹೇಳುತ್ತಿಲ್ಲ ಎಂದು ಆ ಘೋಷಣೆ ಒತ್ತಿ ಹೇಳುತ್ತದೆ. ಹಾಗೆ ಹೇಳಲೇಬೇಕಾಗಿ ಬಂದದ್ದು ರಾಜಕೀಯ ಕಾರಣದಿಂದಲೇ. ಹೀಗೆಂದು ಅದರ ನೈತಿಕ ತೂಕ ನನ್ನ ಕಣ್ಣಿನಲ್ಲಿ ಒಂದಿಷ್ಟೂ ಕಡಿಮೆಯಾಗಿಲ್ಲ.

ಈಗ ನಿಮ್ಮ ಊರಿಗೆ ಬರೋಣ. ಬುಕ್ಕರಾಯನ ಕಾಲಕ್ಕೂ ನಮ್ಮ ಕಾಲಕ್ಕೂ ಇರುವ ದೊಡ್ಡ ವ್ಯತ್ಯಾಸ ಸಂವಿಧಾನ. ಜೈನರು ವಾದ್ಯಕ್ಕಾಗಿ ಬಿನ್ನಹ ಮಾಡಬೇಕಾಗಿತ್ತು; ಇಂದಿನ ಪ್ರಜೆಗೆ ತನ್ನ ಧರ್ಮವನ್ನು ಆಚರಿಸುವ ಹಕ್ಕು 25ನೆಯ ವಿಧಿಯಿಂದ ಬಂದಿದೆ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಇತರ ಮೂಲಭೂತ ಹಕ್ಕುಗಳಿಗೆ ಅದು ಒಳಪಟ್ಟಿದೆ. ಅದು ನೆರೆಯವನ ಔದಾರ್ಯವಲ್ಲ. ಆದರೆ ಸಂವಾದ ಸಭೆಗಳ ಭಾಷೆ ಇನ್ನೂ 1368ರಲ್ಲೇ ಇದೆ. ‘ನಾವು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಿದ್ದೇವೆ’ ಎಂದು ಒಬ್ಬರು, ‘ನಮ್ಮನ್ನು ಕಾಪಾಡಿಕೊಂಡು ಬಂದಿದ್ದೀರಿ’ ಎಂದು ಇನ್ನೊಬ್ಬರು. ಕೈಮುಗಿಯುವವರು ಯಾವಾಗಲೂ ಒಬ್ಬರೇ ಆಗಿದ್ದರೆ, ಅದನ್ನು ಸಂವಾದ ಎಂದು ಕರೆಯಲು ನನಗೆ ಸಂಕೋಚ.

ಹಾಗಾದರೆ ಚೌಕಾಸಿಯೇ ಬೇಡವೇ? ಬೇಕು, ಆದರೆ ಚೌಕಾಸಿ ಅನುಕೂಲದ ಮೇಲೆ ನಡೆಯಲಿ, ಹಕ್ಕಿನ ಮೇಲೆ ಬೇಡ. ಮೆರವಣಿಗೆ ಹೋಗಬಹುದೇ ಎಂಬುದು ಹಕ್ಕಿನ ಪ್ರಶ್ನೆ, ಅದು ನಿಮ್ಮ ಸಭೆಯ ಮುಂದೆ ಬರಲೇಬಾರದು. ಎಷ್ಟು ಗಂಟೆಗೆ, ಯಾವ ತಿರುವಿನಲ್ಲಿ ವಾದ್ಯ ನಿಲ್ಲಿಸಿ ಹೋಗಬೇಕು ಎಂಬುದು ಅನುಕೂಲದ ಪ್ರಶ್ನೆ, ಅದಕ್ಕಾಗಿಯೇ ಸಭೆ ಇರುವುದು. 2023ರ ಸೆಪ್ಟೆಂಬರ್ 28ರಂದು ಗಣೇಶ ವಿಸರ್ಜನೆಯ ಅನಂತ ಚತುರ್ದಶಿಯೂ ಈದ್ ಮಿಲಾದೂ ಒಂದೇ ದಿನ ಬಿದ್ದಾಗ ಮುಂಬೈಯ ಮುಸ್ಲಿಂ ಸಂಘಟನೆಗಳು ತಮ್ಮ ಮೆರವಣಿಗೆಯನ್ನು ಮರುದಿನಕ್ಕೆ ಹಾಕಿಕೊಂಡವು, ಸರ್ಕಾರ 29ಕ್ಕೆ ರಜೆ ಘೋಷಿಸಿತು. ಅದು ಸೊಗಸಾದ ನಡೆ. ಆದರೆ ‘ಇಲ್ಲ, ನಾವು ಅದೇ ದಿನ ಹೋಗುತ್ತೇವೆ’ ಎಂದು ಹೇಳುವ ಅವಕಾಶವೂ ಇದ್ದಾಗ ಮಾತ್ರ ಇಂಥ ನಡೆಯನ್ನು ಔದಾರ್ಯ ಎನ್ನಬಹುದು. ಇಲ್ಲವಾದರೆ ಅದು ಹೆದರಿಕೆ. ನಿಮ್ಮ ಸಭೆಯಲ್ಲಿ ಯಾರಾದರೂ ಬಿಟ್ಟುಕೊಡಲು ಮುಂದಾದರೆ, ಅವರು ಬಿಟ್ಟುಕೊಡದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ನಿಮ್ಮಲ್ಲೇ ಒಮ್ಮೆ ಕೇಳಿಕೊಳ್ಳಿ.

ಆಧ್ಯಾತ್ಮಿಕ ಮಾತುಕತೆಗೆ ಬೆಲೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಒಂದು ಸಂಜೆ ರಂಜಾನಿನ ಉಪವಾಸದ ಬಗ್ಗೆಯೂ ಜೈನರ ಪರ್ಯುಷಣದ ಬಗ್ಗೆಯೂ ಬಲ್ಲವರಿಂದ ಕೇಳಿ ತಿಳಿಯುವುದು ಒಳ್ಳೆಯದು. ಅದನ್ನು ಬೇರೆ ದಿನ, ಬೇರೆ ಹೆಸರಿನಲ್ಲಿ ನಡೆಸಿ. ಗಣೇಶ ಹಬ್ಬ ಹತ್ತಿರ ಬಂದಾಗ ಎಲ್ಲರನ್ನೂ ಕೂರಿಸಿ ‘ಎಲ್ಲ ಧರ್ಮಗಳ ಸಾರವೂ ಒಂದೇ’ ಎಂದು ಮಾತಾಡಿಸಿ, ಸ್ಮಶಾನದ ದಾರಿಯ ತಕರಾರನ್ನು ಚಹಾದ ಹೊತ್ತಿಗೆ ಹೇಳಿಕೊಳ್ಳಲು ಬಿಡುವುದು ಮಾತ್ರ ಸರಿಯಲ್ಲ.

ಕೊನೆಗೆ ಶಾಸಕರ ವಿಚಾರ. ಅವರನ್ನು ಕರೆಯಲೇಬಾರದು ಎಂಬ ನಿಯಮ ನಿಮಗೆ ಅನುಕೂಲವಲ್ಲ. ಸ್ಮಶಾನಕ್ಕೆ ಜಾಗ, ಬೀದಿಗೆ ದೀಪ, ಮೆರವಣಿಗೆಗೆ ಬಂದೋಬಸ್ತು ಇವೆಲ್ಲ ತಹಶೀಲ್ದಾರರು, ಪೊಲೀಸರು, ಪುರಸಭೆ ಮತ್ತು ಶಾಸಕರ ಕೈಯಲ್ಲೇ ಇರುವಂಥವು. ಆದರೆ ಅವರನ್ನು ಕರೆಯುವ ಹೊತ್ತು ಮತ್ತು ಕೂರಿಸುವ ಜಾಗ ನಿಮ್ಮ ಕೈಯಲ್ಲಿರಲಿ. ಬೆಳಗಿನ ಹೊತ್ತು ಸಮುದಾಯಗಳವರು ಮಾತ್ರ ಕೂತು ಮಾತಾಡಿ, ಒಪ್ಪಿದ್ದನ್ನೂ ಒಪ್ಪದೆ ಉಳಿದದ್ದನ್ನೂ ಕನ್ನಡದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ. ಮಧ್ಯಾಹ್ನ ಜನಪ್ರತಿನಿಧಿಗಳನ್ನೂ ಅಧಿಕಾರಿಗಳನ್ನೂ, ಒಂದು ಪಕ್ಷದವರನ್ನಷ್ಟೇ ಅಲ್ಲ, ಸೋತ ಅಭ್ಯರ್ಥಿಯನ್ನೂ ಸೇರಿಸಿ ಕರೆಯಿರಿ. ವೇದಿಕೆ ಹಾಕಬೇಡಿ, ಎಲ್ಲರಿಗೂ ಒಂದೇ ಮಟ್ಟದ ಕುರ್ಚಿಗಳಿರಲಿ, ಹಾರ ಶಾಲು ಬೇಡ. ಆ ಹಾಳೆಯನ್ನು ಓದಿ ಹೇಳಿ, ಯಾವ ಕೆಲಸ ಯಾರದು, ಎಂದಿನೊಳಗೆ ಎಂದು ಅವರ ಬಾಯಿಂದಲೇ ಹೇಳಿಸಿ ಪಕ್ಕದಲ್ಲಿ ಬರೆದುಕೊಳ್ಳಿ. ಕಳೆದ ಸಲ ಎದ್ದುಹೋದ ಗುಂಪಿನ ಮನೆಗಳಿಗೆ ಈ ವ್ಯವಸ್ಥೆಯ ಕರಡನ್ನು ಸಭೆಗೆ ಮುಂಚೆಯೇ ತೆಗೆದುಕೊಂಡು ಹೋಗಿ. ಅವರು ಏನಾದರೂ ತಿದ್ದಿದರೆ ಆ ತಿದ್ದುಪಡಿಯೊಂದಿಗೇ ಆಹ್ವಾನ ಪತ್ರಿಕೆ ಅಚ್ಚಾಗಲಿ. ಸಹಿಯಾದ ಹಾಳೆಯ ಒಂದೊಂದು ಪ್ರತಿಯನ್ನು ದೇವಸ್ಥಾನ, ಮಸೀದಿ, ಚರ್ಚು, ಬಸದಿಗಳ ಫಲಕದಲ್ಲಿ ಅಂಟಿಸಿ, ಮುಂದಿನ ವರ್ಷದ ಸಭೆಯನ್ನು ಅದನ್ನು ಓದುವುದರಿಂದಲೇ ಶುರುಮಾಡಿ.